ನಾಚಿಯ ನೀರು

ಜಪಾನಿನ ಕೀ ಪರ್ಯಾಯದ್ವೀಪದ ದಟ್ಟ ಕಾಡಿನಲ್ಲಿ ನಾಚಿ ಎಂಬ ಜಲಪಾತವಿದೆ. ಹೆಸರು ಕೇಳಿದರೆ ನಮಗೆ ನಾಚಿಕೆಯ ನೆನಪಾಗಬೇಕು. ಆದರೆ 133 ಮೀಟರ್ ಎತ್ತರದ ಬಂಡೆಯಿಂದ ನೇರವಾಗಿ ಧುಮ್ಮಿಕ್ಕುವ ಆ ನೀರಿಗೆ ಅಂಥದ್ದೇನೂ ಇಲ್ಲ. ಅದರ ಬುಡದಲ್ಲಿರುವ ದೇವಾಲಯಕ್ಕೆ ಗರ್ಭಗುಡಿಯೇ ಇಲ್ಲ, ನೀರೇ ದೇವರು. ಜಲಪಾತದ ನೆತ್ತಿಗೆ ಅಡ್ಡಲಾಗಿ ಪವಿತ್ರ ಹಗ್ಗ ಕಟ್ಟಿ, ನಾವು ತೋರಣ ಬದಲಿಸುವಂತೆ ವರ್ಷಕ್ಕೆ ಎರಡು ಸಲ ಹೊಸದನ್ನು ಕಟ್ಟುತ್ತಾರೆ.

ಪಕ್ಕದಲ್ಲಿರುವ ಬೌದ್ಧ ದೇವಾಲಯ ಸೇಗಾಂತೋ-ಜಿ. ಭಾರತದಿಂದ ಕಡಲಲ್ಲಿ ತೇಲಿಬಂದ ಸನ್ಯಾಸಿಯೊಬ್ಬ ಈ ಜಲಪಾತದಡಿ ತಪಸ್ಸು ಮಾಡಿ ಅದನ್ನು ಸ್ಥಾಪಿಸಿದನೆಂದು ಅಲ್ಲಿಯ ಐತಿಹ್ಯ. ಇದು ಇತಿಹಾಸವಲ್ಲ, ಕಥೆ. ಆದರೂ ನಮ್ಮ ಕಡೆಯವನೊಬ್ಬನನ್ನು ಅಷ್ಟು ದೂರದಲ್ಲಿ ನೆನೆಯುತ್ತಾರಲ್ಲ ಎಂದು ಓದಿದಾಗ ಸಂತೋಷವಾಯಿತು. 1868ರಲ್ಲಿ ಸರ್ಕಾರ ಶಿಂಟೋ ದೇವರನ್ನೂ ಬುದ್ಧನನ್ನೂ ಬೇರ್ಪಡಿಸಲು ಹೊರಡುವವರೆಗೆ ಇಬ್ಬರಿಗೂ ಇಲ್ಲಿ ಒಟ್ಟಿಗೇ ಪೂಜೆ ನಡೆಯುತ್ತಿತ್ತು.

ನಾಚಿ, ಹೋಂಗು, ಹಯತಮ ಎಂಬ ಮೂರು ಕ್ಷೇತ್ರಗಳು ಸೇರಿ ಕುಮಾನೊ. ಹನ್ನೆರಡನೆಯ ಶತಮಾನದಲ್ಲಿ ಗೋ-ಶಿರಕಾವ ಎಂಬ ನಿವೃತ್ತ ಚಕ್ರವರ್ತಿ ಮೂವತ್ತಕ್ಕೂ ಹೆಚ್ಚು ಸಲ ಕ್ಯೋಟೋದಿಂದ ಇಲ್ಲಿಗೆ ಬಂದ. ಚಕ್ರವರ್ತಿಗಳ ಯಾತ್ರೆಯನ್ನು ಎಲ್ಲರೂ ಬರೆದಿಡುತ್ತಾರೆ. ನನ್ನ ಮನಸ್ಸು ನಿಂತದ್ದು ಆ ಕಾಡುದಾರಿಯಲ್ಲಿ ನಡೆದ ಹೆಂಗಸರ ಮೇಲೆ. ಆ ಕಾಲದಲ್ಲಿ ಜಪಾನಿನ ಹಲವು ಪವಿತ್ರ ಬೆಟ್ಟಗಳಿಗೆ ಹೆಣ್ಣು ಕಾಲಿಡುವಂತಿರಲಿಲ್ಲ. ಹತ್ತಿರದ ಕೋಯ ಬೆಟ್ಟದಲ್ಲೂ ಅದೇ ಕಟ್ಟುಪಾಡು. ಕುಮಾನೊ ಮಾತ್ರ ಹೆಂಗಸರನ್ನು ಬಾ ಎಂದು ಕರೆಯಿತು.

ಇಜುಮಿ ಶಿಕಿಬು ಸುಮಾರು ಸಾವಿರ ವರ್ಷದ ಹಿಂದಿನ ಹೆಸರಾಂತ ಕವಯಿತ್ರಿ. ಆಕೆ ಕುಮಾನೊ ಯಾತ್ರೆ ಹೊರಟು, ಹೋಂಗು ಹತ್ತಿರವಾದಾಗ ಮುಟ್ಟಾದಳಂತೆ. ಇನ್ನು ಮುಂದೆ ಹೋಗುವಂತಿಲ್ಲವೆಂದು ದೂರದಿಂದಲೇ ನಮಸ್ಕರಿಸಿ, ತನ್ನ ದುಃಖವನ್ನು ಒಂದು ಪದ್ಯ ಮಾಡಿದಳು. ಅಂದು ರಾತ್ರಿ ದೇವರು ಕನಸಿನಲ್ಲಿ ಬಂದು, ಲೋಕದ ಧೂಳಿನಲ್ಲಿ ಬೆರೆತಿರುವ ನನಗೆ ಮುಟ್ಟೇನು ಮೈಲಿಗೆ, ಬಾ ಎಂಬರ್ಥದ ಉತ್ತರ ಕೊಟ್ಟನಂತೆ. ಇದೂ ಕಥೆಯೇ. ಆದರೆ ಇಂಥ ಕಥೆಯನ್ನು ಹೇಳಿಕೊಂಡು ಬಂದ ಕ್ಷೇತ್ರಗಳು ಎಷ್ಟಿವೆ? ನನ್ನ ಸೋದರತ್ತೆ ವರ್ಷವಿಡೀ ಚೀಟಿ ಕಟ್ಟಿ ಯಾತ್ರೆಗೆ ಹೋದವರು, ಮೂರು ದಿನ ಬಸ್ಸಿನಲ್ಲೇ ಕೂತು ಗೋಪುರ ನೋಡಿಕೊಂಡು ಬಂದರು. ಅವರಿಗೆ ಯಾವ ದೇವರೂ ಕನಸಿನಲ್ಲಿ ಬರಲಿಲ್ಲ.

ಕರೆದ ಕ್ಷೇತ್ರಕ್ಕಾಗಿ ಹೆಂಗಸರು ದುಡಿದದ್ದೂ ಉಂಟು. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಕುಮಾನೊ ಬಿಕುನಿ ಎಂಬ ಸನ್ಯಾಸಿನಿಯರು ಚಿತ್ರಪಟಗಳನ್ನು ಮಡಚಿಕೊಂಡು ಊರೂರು ಸುತ್ತುತ್ತಿದ್ದರು. ಪೇಟೆಯಲ್ಲಿ ಪಟ ಹರಡಿ, ಗರಿ ಕಟ್ಟಿದ ಕೋಲಿನಿಂದ ತೋರಿಸುತ್ತ ಕಥೆ ಹೇಳಿ, ಕ್ಷೇತ್ರದ ಜೀರ್ಣೋದ್ಧಾರಕ್ಕೆ ಕಾಸು ಕೂಡಿಸುತ್ತಿದ್ದರು. ನಾಚಿಯ ಪಟದಲ್ಲಿ ಜಲಪಾತ, ಅದರಡಿ ತಪಸ್ಸಿಗೆ ನಿಂತ ಸನ್ಯಾಸಿ, ಮೆಟ್ಟಿಲು ಹತ್ತುವ ಯಾತ್ರಿಕರು ಎಲ್ಲ ಇರುತ್ತಿತ್ತು. ನಮ್ಮ ತೊಗಲುಬೊಂಬೆಯವರಂತೆ ಇವರಿಗೂ ಸುತ್ತ ಜನ ಸೇರುತ್ತಿದ್ದಿರಬೇಕು.

ಒಂದು ಸಂಗತಿ ಮಾತ್ರ ನನಗೆ ಇನ್ನೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಇದೇ ಬಿಕುನಿಯರ ಇನ್ನೊಂದು ಪಟದಲ್ಲಿ ರಕ್ತದ ಕೊಳವಿತ್ತು. ಮುಟ್ಟು, ಹೆರಿಗೆಯ ರಕ್ತದ ಪಾಪಕ್ಕೆ ಹೆಂಗಸರು ಬೀಳುವ ನರಕವದು. ಮುಟ್ಟನ್ನು ಲೆಕ್ಕಿಸದ ದೇವರ ಹೆಸರಿನಲ್ಲಿ ತಿರುಗಿದವರೇ, ಅದೂ ಹೆಂಗಸರೇ, ಹೆಂಗಸರಿಗೆ ಈ ಭಯ ಹುಟ್ಟಿಸಿ, ಪರಿಹಾರವನ್ನೂ ಹೇಳಿ ಕಾಣಿಕೆ ಪಡೆದರು. ಹೊಟ್ಟೆಪಾಡೋ, ನಂಬಿಕೆಯೋ, ಎರಡೂ ಇದ್ದೀತು.

1872ರಲ್ಲಿ ಜಪಾನ್ ಸರ್ಕಾರ ಈ ನಿಷೇಧಗಳನ್ನು ರದ್ದುಮಾಡಿತು. 2004ರಲ್ಲಿ ಯುನೆಸ್ಕೋ ಈ ಬೆಟ್ಟಸೀಮೆಯ ಕ್ಷೇತ್ರಗಳನ್ನೂ ದಾರಿಗಳನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನಾಚಿಯ ಜೊತೆಗೆ ಅದೇ ಪಟ್ಟಿಯಲ್ಲಿ ಓಮಿನೆ ಬೆಟ್ಟವೂ ಇದೆ. ಅದರ ದಾರಿಯ ಬಾಗಿಲಲ್ಲಿ ಹೆಂಗಸರು ಮುಂದೆ ಹೋಗಬಾರದೆಂಬ ಫಲಕ ಇಂದಿಗೂ ನಿಂತಿದೆ.