ಕೆಟ್ಟ ಗಣಕಯಂತ್ರಕ್ಕೆ ಕನ್ನಡ ಬಲ್ಲ ರಕ್ಷಣಾ ಡಿಸ್ಕ್

ಬೆಂಗಳೂರು: ಪೀಣ್ಯ ಕೈಗಾರಿಕಾ ಪ್ರದೇಶದ ಸಣ್ಣ ಘಟಕವೊಂದರಲ್ಲಿ ಲೆಕ್ಕಪತ್ರದ ಗಣಕಯಂತ್ರ ಬೆಳಿಗ್ಗೆ ಚಾಲೂ ಆಗದಿದ್ದರೆ ಅಂದಿನ ಬಿಲ್ಲು, ಡೆಲಿವರಿ ಚಲನ್, ಜಿಎಸ್‌ಟಿ ಲೆಕ್ಕ ಎಲ್ಲವೂ ನಿಂತಂತೆಯೇ. ವೈಟ್‌ಫೀಲ್ಡ್ ಅಥವಾ ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಸಂಸ್ಥೆಗಳಲ್ಲಿ ಇಂತಹ ಸಂಕಟಕ್ಕೆಂದೇ ಪ್ರತ್ಯೇಕ ವಿಭಾಗವಿರುತ್ತದೆ. ಹತ್ತು ಜನ ದುಡಿಯುವ ಶೆಡ್ಡಿನಲ್ಲಿ ಇರುವುದು ಮಾಲೀಕರು, ಒಬ್ಬ ಗುಮಾಸ್ತ ಹಾಗೂ ಸಂಜೆಗೆ ಬರುತ್ತೇನೆಂದು ಎಸ್.ಪಿ. ರಸ್ತೆಯಿಂದ ಫೋನಿನಲ್ಲಿ ಹೇಳುವ ರಿಪೇರಿಯವರು. ಅವರು ಬಂದು ‘ಫಾರ್ಮ್ಯಾಟ್ ಮಾಡಿಬಿಡೋಣ’ ಎಂದರೆ ವರ್ಷಗಳ ಕಡತ ಅಲ್ಲಿಗೇ ಮುಗಿಯಬಹುದು.

ಆ ಮಾತಿಗೆ ಒಪ್ಪುವ ಮುನ್ನ ಬಳಸಬೇಕಾದ ಸಾಧನವೇ ರಕ್ಷಣಾ ಡಿಸ್ಕ್. ಒಂದು ಪೆನ್‌ಡ್ರೈವ್‌ನಲ್ಲಿ ಪೂರ್ಣ ಕಾರ್ಯಾಚರಣ ವ್ಯವಸ್ಥೆಯನ್ನೇ ತುಂಬಿಟ್ಟು, ಕೆಟ್ಟ ಯಂತ್ರವನ್ನು ಅದರಿಂದಲೇ ಚಾಲೂ ಮಾಡುವುದು ಇದರ ತತ್ವ. ಒಳಗಿನ ವಿಂಡೋಸ್ ಏಳದಿದ್ದರೂ ಹಾರ್ಡ್‌ಡಿಸ್ಕ್ ಜೀವಂತವಾಗಿದ್ದರೆ ಕಡತಗಳನ್ನು ಹೊರತೆಗೆಯಬಹುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ದೋಷಪೂರಿತ ಪರಿಷ್ಕರಣೆಯಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು ಎಂದು ಮೈಕ್ರೋಸಾಫ್ಟ್ ಅಂದಾಜಿಸಿತ್ತು. ಆಗ ಆ ಸಂಸ್ಥೆ ಬಿಡುಗಡೆ ಮಾಡಿದ ಪರಿಹಾರಗಳಲ್ಲಿ ಪೆನ್‌ಡ್ರೈವ್‌ನಿಂದ ಚಾಲೂ ಮಾಡುವ ಸಾಧನವೂ ಒಂದಾಗಿತ್ತು.

ಇಂತಹ ಸಾಧನಗಳು ಸಾಮಾನ್ಯವಾಗಿ ಇಂಗ್ಲಿಷ್ ಕೀಲಿಮಣೆಯೊಂದಿಗೇ ತೆರೆದುಕೊಳ್ಳುತ್ತವೆ. ಕಡತಗಳ ಹೆಸರು ‘ಸಂಬಳ ಪಟ್ಟಿ’, ‘ಮಾರ್ಚ್ ಬಾಕಿ’ ಎಂದು ಕನ್ನಡದಲ್ಲಿದ್ದರೆ ಸಾವಿರಾರು ಕಡತಗಳ ನಡುವೆ ಅವನ್ನು ಹುಡುಕಲು ಕನ್ನಡವನ್ನು ಟೈಪಿಸಲೇಬೇಕು. ಆದ್ದರಿಂದ ಕನ್ನಡದ ವ್ಯವಸ್ಥೆಯನ್ನು ಡಿಸ್ಕ್ ತಯಾರಿಸುವಾಗಲೇ ಸೇರಿಸಿಡುವುದು ಒಳಿತು.

ಎರಡು ವಿನ್ಯಾಸಗಳು

ಕನ್ನಡಕ್ಕೆ ಮುಖ್ಯವಾಗಿ ಎರಡು ಕೀಲಿಮಣೆ ವಿನ್ಯಾಸಗಳು ಲಭ್ಯ. 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಮಾನ್ಯ ಮಾಡಿದ ಇನ್‌ಸ್ಕ್ರಿಪ್ಟ್ ಒಂದು. ಎಲ್ಲ ಭಾರತೀಯ ಲಿಪಿಗಳಿಗೂ ಒಂದೇ ಜೋಡಣೆ. ಇನ್ನೊಂದು ಕೆ.ಪಿ. ರಾವ್ ರೂಪಿಸಿದ ಧ್ವನಿ ಆಧಾರಿತ ವಿನ್ಯಾಸ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳಿಗೂ ಮನೆಗಳಿಗೂ ತಲುಪಿದ್ದು ಇದೇ. ಲಿನಕ್ಸ್‌ನ ಪಟ್ಟಿಯಲ್ಲಿ ಇದು ‘ಕನ್ನಡ, ಕಗಪ’ ಎಂಬ ಹೆಸರಿನಲ್ಲಿದೆ. ‘ಕನ್ನಡ’ ಎಂದು ಬರೆಯಲು ಕಗಪದಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯು ಕೀಲಿಗಳನ್ನು ಒತ್ತಬೇಕು. ಇನ್‌ಸ್ಕ್ರಿಪ್ಟ್‌ನಲ್ಲಾದರೆ ಕೆ, ವಿ, ಡಿ, ವಿ ಹಾಗೂ ಚೌಕ ಆವರಣದ ಕೀಲಿ. ನುಡಿಗೆ ಒಗ್ಗಿದ ಬೆರಳುಗಳಿಗೆ ಕಗಪವೇ ಸಲೀಸು. ಒಂದು ವ್ಯತ್ಯಾಸ ಮಾತ್ರ ತಿಳಿದಿರಲಿ: ಪದದ ಆರಂಭದಲ್ಲಿ ‘ಇ’, ‘ಉ’ ಮುಂತಾದ ಸ್ವರಗಳು ಬಂದಾಗ ನುಡಿ ತಾನೇ ಊಹಿಸಿಕೊಳ್ಳುತ್ತದೆ, ಲಿನಕ್ಸ್‌ನ ಕಗಪದಲ್ಲಿ ಬಲಗಡೆಯ ಆಲ್ಟ್ ಕೀಲಿಯನ್ನೂ ಜತೆಗೆ ಒತ್ತಬೇಕು. ಇಲ್ಲದಿದ್ದರೆ ಗುಣಿತದ ಚಿಹ್ನೆಯೊಂದೇ ಮೂಡುತ್ತದೆ.

ತಯಾರಿ

16 ಜಿಬಿಯ ಪೆನ್‌ಡ್ರೈವ್ ಒಂದು ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಸುಸ್ಥಿತಿಯಲ್ಲಿರುವ ಬೇರೊಂದು ಯಂತ್ರದಲ್ಲಿ ಡೆಬಿಯನ್ ಲೈವ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಇಳಿಸಿಕೊಂಡು, ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆಯಬೇಕು. ರೂಫಸ್‌ನಲ್ಲಿ ‘ಪರ್ಸಿಸ್ಟೆಂಟ್’ ವಿಭಾಗದ ಗಾತ್ರ ಕೇಳುವ ಸ್ಥಳವೊಂದಿದೆ. ಅಲ್ಲಿ 4 ಜಿಬಿಯಷ್ಟು ಕೊಟ್ಟರೆ ಮುಂದೆ ಮಾಡುವ ಬದಲಾವಣೆಗಳು ಪೆನ್‌ಡ್ರೈವ್‌ನಲ್ಲೇ ಉಳಿಯುತ್ತವೆ. ಇದನ್ನು ಮರೆತರೆ ಪ್ರತಿ ಬಾರಿ ಚಾಲೂ ಮಾಡಿದಾಗಲೂ ಕನ್ನಡವನ್ನು ಹೊಸದಾಗಿ ಸೇರಿಸಬೇಕಾಗುತ್ತದೆ.

ಅನಂತರ ಪೆನ್‌ಡ್ರೈವ್‌ನಿಂದ ಯಂತ್ರವನ್ನು ಚಾಲೂ ಮಾಡಬೇಕು. ಡೆಲ್ ಮತ್ತು ಲೆನೊವೊ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಆಯ್ಕೆಯ ಪಟ್ಟಿ ಬರುತ್ತದೆ. ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ‘ಲೇಔಟ್’ ಪುಟ ತೆರೆದು, ‘ಯೂಸ್ ಸಿಸ್ಟಂ ಡಿಫಾಲ್ಟ್ಸ್’ ಎಂಬುದರ ಗುರುತನ್ನು ತೆಗೆದು, ಕನ್ನಡ ಕಗಪವನ್ನು ಸೇರಿಸಬೇಕು. ಭಾಷೆ ಬದಲಾಯಿಸಲು ವಿಂಡೋಸ್ ಕೀಲಿ ಹಾಗೂ ಸ್ಪೇಸ್ ಜೋಡಿಯನ್ನು ಆರಿಸುವುದು ಕ್ಷೇಮ. ಸ್ವರಗಳಿಗೆ ಬೇಕಾದ ಆಲ್ಟ್ ಕೀಲಿಗೆ ಅದರಿಂದ ತೊಡಕಾಗುವುದಿಲ್ಲ. ಇಂಟರ್‌ನೆಟ್ ಸಂಪರ್ಕ ಇರುವಾಗಲೇ ಲೋಹಿತ್ ಕನ್ನಡದಂತಹ ಫಾಂಟ್, ಟೆಸ್ಟ್‌ಡಿಸ್ಕ್ ಹಾಗೂ ಡಿಡಿರೆಸ್ಕ್ಯೂ ಸಾಧನಗಳನ್ನು ಹಾಕಿಟ್ಟುಕೊಳ್ಳಬೇಕು.

ಪಟ್ಟಿಯಲ್ಲಿ ಮೊದಲ ಸ್ಥಾನ ಇಂಗ್ಲಿಷಿನದೇ ಆಗಿರಲಿ. ಇದು ಭಾಷಾಭಿಮಾನದ ಪ್ರಶ್ನೆಯಲ್ಲ. ಡೆಬಿಯನ್ ಲೈವ್‌ನ ಪಾಸ್‌ವರ್ಡ್ ಇಂಗ್ಲಿಷಿನ ‘ಲೈವ್’ ಎಂಬ ನಾಲ್ಕಕ್ಷರದ ಪದ. ಕೀಲಿಮಣೆ ಕಗಪದಲ್ಲಿದ್ದಾಗ ಅವೇ ಕೀಲಿಗಳನ್ನು ಒತ್ತಿದರೆ ‘ಲಿವೆ’ ಎಂದಾಗುತ್ತದೆ. ಪರದೆಯಲ್ಲಿ ಕಾಣುವುದು ಚುಕ್ಕಿಗಳು ಮಾತ್ರವಾದ್ದರಿಂದ ತಪ್ಪು ತಿಳಿಯುವುದೇ ಇಲ್ಲ. ಅಂತೆಯೇ, ಚಿತ್ರಮಯ ಪರದೆ ಬಾರದೆ ಕಪ್ಪು ಪಠ್ಯ ಪರದೆಯಷ್ಟೇ ತೆರೆದಾಗ ಕನ್ನಡದ ಆಸೆ ಬಿಡಬೇಕು. ಲಿನಕ್ಸ್‌ನ ಆ ಪರದೆ ಹೆಚ್ಚೆಂದರೆ 512 ಅಕ್ಷರರೂಪಗಳನ್ನು ತೋರಿಸಬಲ್ಲದು. ಒತ್ತಕ್ಷರ ಕೂಡಿಸುವ ಶಕ್ತಿ ಅದಕ್ಕಿಲ್ಲ.

ಹೆಸರಿನಲ್ಲೇ ಇರುವ ತೊಡಕು

ಹೊರತೆಗೆದ ಕಡತಗಳನ್ನು ಲಿನಕ್ಸ್‌ನ ಇಎಕ್ಸ್‌ಟಿ4 ಮಾದರಿಯ ಡಿಸ್ಕಿಗೆ ನಕಲಿಸುವವರು ಒಂದು ಲೆಕ್ಕ ತಿಳಿದಿರಬೇಕು. ಅಲ್ಲಿ ಕಡತದ ಹೆಸರಿನ ಮಿತಿ 255 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಸಂಕೇತಗಳಾಗಿ 18 ಬೈಟ್ ನುಂಗುತ್ತದೆ. ಹೀಗಾಗಿ ಕನ್ನಡ ಹೆಸರಿಗೆ ಸಿಗುವುದು 85 ಸಂಕೇತ ಮಾತ್ರ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕಿನಲ್ಲಿ 255 ಸಂಕೇತಗಳವರೆಗೆ ಅವಕಾಶವಿದೆ. ಅಲ್ಲಿ ನೆಮ್ಮದಿಯಾಗಿದ್ದ ಉದ್ದನೆಯ ಹೆಸರಿನ ಕಡತ ಇಲ್ಲಿಗೆ ನಕಲಾಗದೆ ಹಿಂದೆ ಉಳಿಯುತ್ತದೆ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಮಾದರಿಯ ಹೊರ ಡಿಸ್ಕ್ ಬಳಸಿದರೆ ಈ ತೊಂದರೆ ಇಲ್ಲ.

ಹಳೆಯ ಮ್ಯಾಕ್ ಯಂತ್ರಗಳಿಂದ ಬಂದ ಕಡತಗಳದ್ದು ಇನ್ನೊಂದು ಬಗೆ. ‘ಕೋ’ ಎಂಬಲ್ಲಿನ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಮೂರಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕುವ ತಂತ್ರಾಂಶಕ್ಕೆ ಬೇರೆ ಬೇರೆ. ‘ಕೋಲಾರ’ ಸಿಗದಿದ್ದರೆ ‘ಲಾರ’ ಎಂದಷ್ಟೇ ಹುಡುಕುವುದು ಸುಲಭೋಪಾಯ.

ಎಲ್ಲಕ್ಕಿಂತ ಹೆಚ್ಚು ನಷ್ಟ ತರುವುದು ಹಳೆಯ ನುಡಿ ಕಡತಗಳ ವಿಷಯದಲ್ಲಿನ ಅಜಾಗರೂಕತೆ. ಯೂನಿಕೋಡ್ ರೂಢಿಗೆ ಬರುವ ಮುನ್ನ ಬರೆದ ಪತ್ರಗಳಲ್ಲಿ ಕನ್ನಡ ಇರುವುದು ಫಾಂಟಿನಲ್ಲಿ, ಕಡತದಲ್ಲಲ್ಲ. ಕಡತವನ್ನಷ್ಟೇ ಉಳಿಸಿ ಫಾಂಟನ್ನು ಬಿಟ್ಟರೆ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ, ನೋಡಿದವರು ಕಡತವೇ ಕೆಟ್ಟಿದೆಯೆಂದು ಅಳಿಸಿಬಿಡುತ್ತಾರೆ. ಯೂನಿಕೋಡ್ ಕನ್ನಡದಲ್ಲಿ ಹುಡುಕಿದರೂ ಅವುಗಳ ಒಳಗಿನ ಮಾತು ಸಿಗದು. ಆದ್ದರಿಂದ ವಿಂಡೋಸ್‌ನ ‘ಫಾಂಟ್ಸ್’ ಕಡತಕೋಶವನ್ನೂ ಮರೆಯದೆ ನಕಲಿಸಿಕೊಳ್ಳಬೇಕು.

ಹಾರ್ಡ್‌ಡಿಸ್ಕ್ ಟಕ್ ಟಕ್ ಸದ್ದು ಮಾಡುತ್ತಿದ್ದರೆ ಕಡತಗಳನ್ನು ಒಂದೊಂದಾಗಿ ತೆರೆದು ನೋಡಬಾರದು. ಡಿಡಿರೆಸ್ಕ್ಯೂ ಮೂಲಕ ಇಡೀ ಡಿಸ್ಕಿನ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದು, ಆ ಪ್ರತಿಯ ಮೇಲೆ ಕೆಲಸ ಮಾಡಬೇಕು. ಫೋಟೋರೆಕ್ ಎಂಬ ಜನಪ್ರಿಯ ಸಾಧನ ಕಡತಗಳನ್ನು ಹೊರತೆಗೆಯುತ್ತದೆಯಾದರೂ ಅವುಗಳ ಮೂಲ ಹೆಸರನ್ನು ಉಳಿಸುವುದಿಲ್ಲ. ಅದು ಕೊನೆಯ ಉಪಾಯವಾಗಿರಲಿ.

ಇಷ್ಟೆಲ್ಲ ಸಿದ್ಧತೆಯಿದ್ದರೂ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ 48 ಅಂಕಿಗಳ ಮರುಪ್ರಾಪ್ತಿ ಕೀಲಿಯಿಲ್ಲದೆ ರಕ್ಷಣಾ ಡಿಸ್ಕ್ ಒಳಗೆ ಹೆಜ್ಜೆ ಇಡಲಾರದು. ಯಂತ್ರ ಸರಿಯಿರುವಾಗಲೇ ಆ ಅಂಕಿಗಳನ್ನು ಕಾಗದದಲ್ಲಿ ಬರೆದು, ಪೆನ್‌ಡ್ರೈವ್‌ನೊಂದಿಗೆ ಅಲ್ಲ, ಬೇರೆ ಬೀರುವಿನಲ್ಲಿ ಇಡಬೇಕು. ಬಳಿಕ ಒಂದು ರಜಾದಿನ ಪೆನ್‌ಡ್ರೈವ್‌ನಿಂದ ಯಂತ್ರವನ್ನು ಚಾಲೂ ಮಾಡಿ, ಕನ್ನಡ ಹೆಸರಿನ ಒಂದು ಕಡತವನ್ನು ಹುಡುಕಿ, ನಕಲಿಸಿ, ಬೇರೊಂದು ಯಂತ್ರದಲ್ಲಿ ತೆರೆದು ನೋಡಿದರೆ ಡಿಸ್ಕ್ ಸಿದ್ಧವಾಯಿತೋ ಇಲ್ಲವೋ ಗೊತ್ತಾಗುತ್ತದೆ.