ಹೆಣ್ಣಿಗೂ ಇರುವ ದಾರಿ: 1939ರ ವಿವಾಹ ವಿಚ್ಛೇದನ ಕಾಯ್ದೆ ಹುಟ್ಟಿದ ಬಗೆ

'ವಕೀಲ' ಎಂಬ ಪದ ನಮಗೆ ಎರಡು ಕಡೆ ಎದುರಾಗುತ್ತದೆ. ನಿಕಾಹಿನ ಮಜ್ಲಿಸಿನಲ್ಲಿ ವಧುವಿನ ಪರವಾಗಿ ಒಪ್ಪಿಗೆ ತಿಳಿಸುವವನು ವಕೀಲ. ಕೋರ್ಟಿನಲ್ಲಿ ಕಪ್ಪು ಕೋಟು ತೊಟ್ಟು ನಿಲ್ಲುವವನೂ ವಕೀಲ. ಅರಬಿಯಿಂದ ಬಂದ ಈ ಪದಕ್ಕೆ ಎರಡೂ ಕಡೆ ಅರ್ಥ ಒಂದೇ, ಇನ್ನೊಬ್ಬರು ಒಪ್ಪಿಸಿದ ಹೊಣೆ ಹೊತ್ತವನು. ಮೊದಲನೆಯ ವಕೀಲನನ್ನು ಗೊತ್ತುಪಡಿಸಲು ಕುಟುಂಬವಿಡೀ ಸೇರುತ್ತದೆ. ಎರಡನೆಯ ವಕೀಲರ ಮೆಟ್ಟಿಲು ಹತ್ತುವಾಗ ಮಾತ್ರ ಹೆಣ್ಣು ಮಗಳು ಬಹುಮಟ್ಟಿಗೆ ಒಂಟಿ. "ತಲಾಖ್ ಗಂಡಸಿನ ಕೈಯಲ್ಲಿದೆ, ಅವನು ಬಿಡುವ ತನಕ ನೀನು ಕಾಯಲೇಬೇಕು" ಎಂಬ ಮಾತನ್ನು ಕೇಳಿಸಿಕೊಂಡೇ ಅವಳು ಅಲ್ಲಿಗೆ ಬಂದಿರುತ್ತಾಳೆ. ಶರೀಅತ್ತಿನಲ್ಲಾಗಲಿ ದೇಶದ ಕಾನೂನಿನಲ್ಲಾಗಲಿ ಈ ಮಾತಿಗೆ ಆಧಾರವಿಲ್ಲ. ಆದರೂ ಅದು ನಮ್ಮ ಮನೆಗಳಲ್ಲಿ ಇಷ್ಟು ಗಟ್ಟಿಯಾಗಿ ಕೂತದ್ದು ಹೇಗೆ ಎಂಬುದಕ್ಕೆ ಒಂದು ಇತಿಹಾಸವಿದೆ.

ಪ್ರವಾದಿಯವರ(ಸ) ಕಾಲದ ಒಂದು ಪ್ರಸಂಗ ಎಲ್ಲ ಮದ್‌ಹಬ್‌ಗಳ ಗ್ರಂಥಗಳಲ್ಲೂ ಚರ್ಚೆಗೆ ಬರುತ್ತದೆ. ಸಾಬಿತ್ ಬಿನ್ ಖೈಸ್‌ರ ಪತ್ನಿ ಬಂದು, ಗಂಡನ ನಡತೆಯಲ್ಲಿ ದೋಷವಿಲ್ಲ, ಆದರೆ ತನಗೆ ಅವರೊಂದಿಗೆ ಬಾಳಲಾಗದು ಎಂದರು. ಮಹ್ರ್ ಆಗಿ ಪಡೆದ ತೋಟವನ್ನು ಹಿಂದಿರುಗಿಸಲು ಅವರು ಒಪ್ಪಿದಾಗ ಮದುವೆ ಬಿಡಿಸಲಾಯಿತು. ಖುಲಾ ಎಂಬ ವಿಧಾನದ ಮೂಲ ಇದು. ಇದರ ಹೊರತಾಗಿ, ಗಂಡ ಹೊಣೆ ನಿಭಾಯಿಸದಿದ್ದರೆ ಖಾಝಿಯೇ ಮದುವೆಯನ್ನು ರದ್ದುಪಡಿಸುವ ಫಸ್ಖ್ ಇತ್ತು. ಯಾವ ಕಾರಣಗಳಿಗೆ ಫಸ್ಖ್ ಸಾಧ್ಯ ಎಂಬಲ್ಲಿ ಇಮಾಮರು ಭಿನ್ನ ದಾರಿ ಹಿಡಿದರು. ಶಾಫಿಈ ಮದ್‌ಹಬ್‌ನಲ್ಲಿ, ಗಂಡನಿಗೆ ಜೀವನಾಂಶ ಕೊಡುವ ಶಕ್ತಿ ಇಲ್ಲವಾದರೆ ಹೆಂಡತಿ ಬಿಡುಗಡೆ ಕೇಳಬಹುದು. ಮಾಲಿಕಿಗಳಲ್ಲಿ ಅವಕಾಶ ಇನ್ನೂ ವಿಶಾಲ. ಹನಫಿಗಳಲ್ಲಿ ಮಾತ್ರ ಬಾಗಿಲು ಕಿರಿದು. ಗಂಡ ಕಣ್ಮರೆಯಾದರೆ ಮಾಲಿಕಿ ಮತದಂತೆ ನಾಲ್ಕು ವರ್ಷ ಕಾಯಬೇಕು. ಹನಫಿಗಳಲ್ಲಿ ಪ್ರಚಲಿತವಿದ್ದ ಅಭಿಪ್ರಾಯದಂತೆ ಅವನಿಗೆ ತೊಂಬತ್ತು ವರ್ಷ ತುಂಬುವ ತನಕ! ನಮ್ಮ ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಹೆಚ್ಚಾಗಿ ಶಾಫಿಈಗಳು. ಘಟ್ಟದ ಮೇಲಿನವರು ಹೆಚ್ಚಾಗಿ ಹನಫಿಗಳು. ಒಂದೇ ಜಿಲ್ಲೆಯ ಇಬ್ಬರು ಹೆಣ್ಣು ಮಕ್ಕಳಿಗೆ ಒಂದೇ ಸಂಕಟಕ್ಕೆ ಎರಡು ಉತ್ತರ ಸಿಗಬಹುದಾಗಿತ್ತು.

ಖಾಝಿ ಇದ್ದ ಕಾಲದಲ್ಲಿ ಈ ಬಿಗಿಯನ್ನು ಸಡಿಲಿಸುವ ಉಪಾಯಗಳಿದ್ದವು. ಬ್ರಿಟಿಷರು 1864ರ ಕಾಯ್ದೆಯಿಂದ ಸರಕಾರಿ ಖಾಝಿಗಳ ವ್ಯವಸ್ಥೆಯನ್ನೇ ಕೊನೆಗೊಳಿಸಿದರು. 1880ರಲ್ಲಿ ಮತ್ತೆ ಖಾಝಿಗಳನ್ನು ನೇಮಿಸಲು ಕಾಯ್ದೆ ಬಂದರೂ ನ್ಯಾಯತೀರ್ಮಾನದ ಅಧಿಕಾರ ಅವರಿಗೆ ಸಿಗಲಿಲ್ಲ. ತಗಾದೆಗಳು ಸಿವಿಲ್ ಕೋರ್ಟಿಗೆ ಹೋದವು. ಅಲ್ಲಿನ ನ್ಯಾಯಾಧೀಶರು ಇಂಗ್ಲಿಷಿಗೆ ತರ್ಜುಮೆಯಾದ ಹಿದಾಯ ಮೊದಲಾದ ಹನಫಿ ಗ್ರಂಥಗಳನ್ನು ಮುಂದಿಟ್ಟುಕೊಂಡು ಅಕ್ಷರ ಹಿಡಿದು ತೀರ್ಪು ಕೊಟ್ಟರು. ಫಿಕ್‌ಹ್‌ನಲ್ಲಿ ಖಾಝಿಯ ವಿವೇಚನೆಗೆ ಬಿಟ್ಟಿದ್ದ ಜಾಗವೆಲ್ಲ ಹೀಗೆ ಖಾಲಿ ಉಳಿಯಿತು. ಗಂಡ ಹೊಡೆದರೂ, ಬಿಟ್ಟು ಹೋದರೂ, ಅನ್ನ ಕೊಡದಿದ್ದರೂ ಹನಫಿ ಹೆಣ್ಣಿಗೆ ಕೋರ್ಟಿನಲ್ಲಿ ಬಿಡುಗಡೆ ಇಲ್ಲವಾಯಿತು.

ಆದರೆ ಒಂದು ಕಿಂಡಿ ಮಾತ್ರ ತೆರೆದಿತ್ತು. ಧರ್ಮ ತೊರೆದರೆ ನಿಕಾಹ್ ತಾನಾಗಿ ಮುರಿಯುತ್ತದೆ ಎಂಬುದು ಹನಫಿಗಳ ಪ್ರಬಲ ಅಭಿಪ್ರಾಯ. ಅದೇ ಗ್ರಂಥಗಳಲ್ಲಿ, ಹೀಗೆ ತೊರೆದವಳನ್ನು ಬಂಧನದಲ್ಲಿಟ್ಟು ಹಿಂದಕ್ಕೆ ಕರೆತಂದು ಅದೇ ಗಂಡನೊಡನೆ ಮರುನಿಕಾಹ್ ಮಾಡಿಸಬೇಕು ಎಂಬ ಮಾತೂ ಇತ್ತು. ಮತಾಂತರದಿಂದ ಹಕ್ಕು ಕಳೆಯಬಾರದೆಂದು 1850ರಲ್ಲೇ ಕಾಯ್ದೆ ಮಾಡಿದ್ದ ಬ್ರಿಟಿಷ್ ಆಡಳಿತದಲ್ಲಿ ಇದು ನಡೆಯುವ ಮಾತಲ್ಲ. ಕೋರ್ಟುಗಳು ಮೊದಲರ್ಧವನ್ನು ಒಪ್ಪಿದವು, ಉಳಿದರ್ಧವನ್ನು ಬಿಟ್ಟವು. ಪಂಜಾಬಿನಲ್ಲಿ ದಿಕ್ಕು ಕಾಣದ ಹೆಂಗಸರು ಈ ಕಿಂಡಿಯಿಂದ ಹೊರಬರತೊಡಗಿದರು. ಕವಿ ಇಕ್ಬಾಲರು ತಮ್ಮ ಪ್ರಸಿದ್ಧ ಇಂಗ್ಲಿಷ್ ಉಪನ್ಯಾಸಮಾಲೆಯಲ್ಲಿ ಈ ಸಂಗತಿಯನ್ನೆತ್ತಿ ಫಿಕ್‌ಹ್‌ನ ಜಡತೆಯನ್ನು ಪ್ರಶ್ನಿಸಿದರು. ಆ ಉಪನ್ಯಾಸಗಳು 1930ರಲ್ಲಿ ಪುಸ್ತಕವಾದವು. ಅತ್ತ ಮಿಶನರಿಗಳ ಮೇಲೆ ಸಿಟ್ಟಾಗಿದ್ದವರು ಬಹಳ ಮಂದಿ. ಈ ಹೆಂಗಸರನ್ನು ಅಲ್ಲಿಯ ತನಕ ತಳ್ಳಿದವರು ಯಾರು ಎಂದು ಕೇಳಿದವರು ಕಡಿಮೆ.

ಕೇಳಿದವರಲ್ಲಿ ಥಾನಾಭವನದ ಮೌಲಾನಾ ಅಶ್ರಫ್ ಅಲಿ ಥಾನವಿಯವರೂ ಒಬ್ಬರು. ಅವರು ಸುಧಾರಣಾವಾದಿಯಲ್ಲ, ದೇವಬಂದ್ ಪರಂಪರೆಯ ಕಟ್ಟಾ ಹನಫಿ ವಿದ್ವಾಂಸರು. ಮದೀನಾದ ಮಾಲಿಕಿ ಮುಫ್ತಿಗಳೊಂದಿಗೆ ಪತ್ರವ್ಯವಹಾರ ನಡೆಸಿ, 1930ರ ದಶಕದ ಆರಂಭದಲ್ಲಿ ಅಲ್ ಹೀಲತುನ್ನಾಜಿಝ ಎಂಬ ಗ್ರಂಥವನ್ನು ಹೊರತಂದರು. ಕಷ್ಟ ಒದಗಿದಾಗ ಹನಫಿಗಳು ಇನ್ನೊಂದು ಮದ್‌ಹಬ್‌ನ ತೀರ್ಪನ್ನು ಸ್ವೀಕರಿಸಬಹುದು ಎಂಬುದು ಅದರ ತಿರುಳು. ಕಣ್ಮರೆಯಾದ ಗಂಡ, ಅನ್ನ ಹಾಕದ ಗಂಡ ಮುಂತಾದವರ ವಿಷಯದಲ್ಲಿ ಮಾಲಿಕಿ ನಿಯಮವನ್ನು ಅವರು ತಂದುಕೊಂಡರು. ಧರ್ಮ ತೊರೆದ ಮಾತ್ರಕ್ಕೆ ನಿಕಾಹ್ ಮುರಿಯದು ಎಂಬ, ಹಳೆಯ ಹನಫಿಗಳಲ್ಲೇ ಕೆಲವರು ಹೇಳಿದ್ದ ಅಭಿಪ್ರಾಯವನ್ನು ಎತ್ತಿ ಹಿಡಿದರು. ಕಿಂಡಿ ಮುಚ್ಚಿ ಬಾಗಿಲು ತೆರೆದರೆಂದು ಹೇಳಬಹುದು. ನಿಕಾಹ್ ಸಮಯದಲ್ಲೇ ಷರತ್ತು ಬರೆಸಿ ತಲಾಖಿನ ಅಧಿಕಾರವನ್ನು ಹೆಂಡತಿಗೆ ವಹಿಸಿಕೊಡುವ ತಫ್ವೀಝ್ ವಿಧಾನವನ್ನೂ ಅವರು ವಿವರಿಸಿದ್ದರು. ನಮ್ಮ ನಿಕಾಹ್‌ನಾಮೆಗಳಲ್ಲಿ ಅದು ಇಂದಿಗೂ ಅಪರೂಪವೆಂಬುದು ಬೇಸರದ ಸಂಗತಿ.

1936ರಲ್ಲಿ ಖಾಝಿ ಮುಹಮ್ಮದ್ ಅಹ್ಮದ್ ಕಾಝ್ಮಿಯವರು ಕೇಂದ್ರ ಶಾಸನಸಭೆಯಲ್ಲಿ ಮಸೂದೆ ಮಂಡಿಸಿದರು. ಹನಫಿ ಕಾನೂನಿನಲ್ಲಿ ಹೆಣ್ಣಿಗೆ ದಾರಿಯಿಲ್ಲದೆ ಅಸಂಖ್ಯ ಸ್ತ್ರೀಯರು ನರಳುತ್ತಿದ್ದಾರೆ, ಇತರ ಮದ್‌ಹಬ್‌ಗಳ ನೆರವು ಪಡೆಯಲು ಹನಫಿ ಫುಕಹಾಗಳೇ ಅನುಮತಿಸಿದ್ದಾರೆ ಎಂಬುದು ಅದರ ಉದ್ದೇಶ ಹೇಳಿಕೆಯ ಸಾರ. ನಡುವೆ 1937ರ ಶರೀಅತ್ ಕಾಯ್ದೆ ಬಂತು. ಅದರ ಐದನೆಯ ಕಲಮು ವಿಚ್ಛೇದನದ ಅಧಿಕಾರವನ್ನು ಜಿಲ್ಲಾ ನ್ಯಾಯಾಧೀಶರಿಗೆ ಕೊಟ್ಟಿತ್ತು. ಕಾಝ್ಮಿಯವರ ಮಸೂದೆ 1939ರ ಮಾರ್ಚಿನಲ್ಲಿ ಕಾಯ್ದೆಯಾದಾಗ ಆ ಕಲಮು ರದ್ದಾಯಿತು. ಇಂಥ ಮೊಕದ್ದಮೆಗಳನ್ನು ಮುಸ್ಲಿಮ್ ನ್ಯಾಯಾಧೀಶರೇ ವಿಚಾರಿಸಬೇಕೆಂಬ ಉಲಮಾಗಳ ಬೇಡಿಕೆ ಕೊನೆಯ ರೂಪದಲ್ಲಿ ಉಳಿಯಲಿಲ್ಲ. ಮುಸ್ಲಿಮೇತರ ನ್ಯಾಯಾಧೀಶರ ತೀರ್ಪಿನಿಂದ ನಿಕಾಹ್ ಬಿಡುಗಡೆಯಾಗುವುದೇ ಎಂಬ ಪ್ರಶ್ನೆ ಹೀಗೆ ಉಳಿದುಕೊಂಡಿತು. ಕೋರ್ಟಿನ ಡಿಕ್ರಿ ಕೈಯಲ್ಲಿದ್ದರೂ ಖಾಝಿಯ ಫಸ್ಖ್ ಪತ್ರಕ್ಕಾಗಿ ಕೆಲವರು ಅಲೆಯುವುದರ ಬೇರು ಇಲ್ಲಿದೆ.

ಕಾಯ್ದೆಯ ಎರಡನೆಯ ಕಲಮನ್ನು ಓದಿದರೆ ಫಿಕ್‌ಹ್ ಗ್ರಂಥದ ವಾಸನೆ ಹೊಡೆಯುತ್ತದೆ. ಗಂಡನ ಸುಳಿವು ನಾಲ್ಕು ವರ್ಷ ಸಿಗದಿದ್ದರೆ, ಎರಡು ವರ್ಷ ಜೀವನಾಂಶ ಕೊಡದಿದ್ದರೆ, ಅವನಿಗೆ ಏಳು ವರ್ಷ ಅಥವಾ ಮೇಲ್ಪಟ್ಟು ಜೈಲುಶಿಕ್ಷೆಯಾಗಿದ್ದರೆ, ಸಕಾರಣವಿಲ್ಲದೆ ಮೂರು ವರ್ಷ ದಾಂಪತ್ಯದ ಹೊಣೆ ನಿಭಾಯಿಸದಿದ್ದರೆ ವಿಚ್ಛೇದನ ಕೇಳಬಹುದು. ನಪುಂಸಕತ್ವದ ಕಾರಣ ಹೇಳಿದಾಗ, ಗಂಡ ಕೇಳಿಕೊಂಡರೆ ಅವನಿಗೆ ಒಂದು ವರ್ಷದ ಅವಧಿ ಕೊಡಬೇಕು. ಇದು ನೇರವಾಗಿ ಫಿಕ್‌ಹ್‌ನಿಂದ ಬಂದದ್ದು. ಕ್ರೌರ್ಯವೆಂದರೆ ಬರೇ ಹೊಡೆತವಲ್ಲ. ನಡತೆಯಿಂದ ಬಾಳು ದುಸ್ತರಗೊಳಿಸುವುದು, ಅವಳ ಆಸ್ತಿ ಮಾರುವುದು, ಅವಳ ಧರ್ಮಾಚರಣೆಗೆ ಅಡ್ಡಿಪಡಿಸುವುದು, ಒಬ್ಬರಿಗಿಂತ ಹೆಚ್ಚು ಪತ್ನಿಯರಿದ್ದು ಕುರ್‌ಆನ್ ಹೇಳಿದಂತೆ ಸಮಾನವಾಗಿ ನಡೆಸಿಕೊಳ್ಳದಿರುವುದು, ಎಲ್ಲವೂ ಅದರಲ್ಲಿ ಸೇರುತ್ತವೆ. ಕುಷ್ಠರೋಗವೂ ಒಂದು ಕಾರಣವಾಗಿತ್ತು, 2019ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಕೋರ್ಟಿಗೆ ಹೋದರೆ ಮಹ್ರ್ ಹೋಯಿತು ಎಂದು ಹೆದರಿಸುವವರಿದ್ದಾರೆ. ಈ ವಿಚ್ಛೇದನದಿಂದ ಮಹ್ರ್‌ನ ಹಕ್ಕಿಗೆ ಧಕ್ಕೆಯಿಲ್ಲವೆಂದು ಐದನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ.

ಹಾಗಾದರೆ ವಕೀಲರು ಮೊದಲು ಕೇಳುವುದೇನು? ನಿಕಾಹ್‌ನಾಮೆ, ಮಹ್ರ್‌ನ ಲೆಕ್ಕ, ಮತ್ತು ತಾರೀಕುಗಳು. ಗಂಡ ಕೊನೆಯ ಸಲ ಹಣ ಕೊಟ್ಟದ್ದು ಯಾವಾಗ, ತವರಿಗೆ ಬಂದದ್ದು ಯಾವಾಗ. ಎರಡು ವರ್ಷ, ಮೂರು ವರ್ಷವೆಂಬ ಲೆಕ್ಕ ನಿಲ್ಲುವುದು ಇವುಗಳ ಮೇಲೆ. ಇನ್ನು 1984ರ ಕುಟುಂಬ ನ್ಯಾಯಾಲಯ ಕಾಯ್ದೆಯಲ್ಲಿ ವಿಚಿತ್ರವೆನಿಸುವ ಒಂದು ಮಾತಿದೆ: ವಕೀಲರ ಮೂಲಕ ವಾದಿಸುವುದು ಅಲ್ಲಿ ಹಕ್ಕಲ್ಲ, ನ್ಯಾಯಾಲಯದ ಅನುಮತಿ ಬೇಕು. ಮೊದಲು ರಾಜಿಗೆ ಯತ್ನಿಸುವುದು ನ್ಯಾಯಾಧೀಶರ ಕರ್ತವ್ಯ. ಎರಡೂ ಕುಟುಂಬಗಳಿಂದ ಒಬ್ಬೊಬ್ಬ ತೀರ್ಪುಗಾರರನ್ನು ನೇಮಿಸಬೇಕೆಂಬ ಕುರ್‌ಆನಿನ ಸೂಚನೆಗೆ ಇದು ದೂರದ್ದೇನಲ್ಲ. ಫೀಸಿಗೆ ಹಣವಿಲ್ಲವೆಂದು ಯಾರೂ ಹಿಂಜರಿಯಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಹೆಣ್ಣಿಗೆ ಉಚಿತ ವಕೀಲರು ಸಿಗುತ್ತಾರೆ. ತಾಲೂಕು ಕೋರ್ಟಿನಲ್ಲಿರುವ ಸಮಿತಿಗೆ ಅರ್ಜಿ ಕೊಟ್ಟರಾಯಿತು.

ಜೀವನಾಂಶದ ಕತೆ ಬೇರೆಯೇ. ಇಂದೋರಿನ ಶಾ ಬಾನು 1978ರಲ್ಲಿ ಕೋರ್ಟಿಗೆ ಹೋದದ್ದು ಸ್ವತಃ ವಕೀಲರಾಗಿದ್ದ ಗಂಡನ ವಿರುದ್ಧ. ಮ್ಯಾಜಿಸ್ಟ್ರೇಟರು ಕೊಡಿಸಿದ್ದು ತಿಂಗಳಿಗೆ 25 ರೂಪಾಯಿ. ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ದೇಶವನ್ನೇ ಅಲುಗಿಸಿದ 1985ರ ಸುಪ್ರೀಮ್ ಕೋರ್ಟ್ ತೀರ್ಪು ಇಷ್ಟು ಹಣಕ್ಕೆ ಸಂಬಂಧಿಸಿದ್ದು! ಅವರ ವಕೀಲರಾಗಿದ್ದ ದಾನಿಯಲ್ ಲತೀಫಿಯವರು 1986ರ ಕಾಯ್ದೆಯನ್ನು ಪ್ರಶ್ನಿಸಿದರು. ಕಾಯ್ದೆ ಊರ್ಜಿತ, ಆದರೆ ಗಂಡ ಇದ್ದತ್ತಿನೊಳಗೆ ಅವಳ ಮುಂದಿನ ಬಾಳಿಗೂ ನ್ಯಾಯವಾದ ವ್ಯವಸ್ಥೆ ಮಾಡಬೇಕೆಂದು 2001ರಲ್ಲಿ ತೀರ್ಪಾಯಿತು. ವಿಚ್ಛೇದಿತ ಮುಸ್ಲಿಮ್ ಮಹಿಳೆ ಎಲ್ಲರಿಗೂ ಇರುವ ಜೀವನಾಂಶದ ಕಾನೂನಿನಡಿಯಲ್ಲೂ ಅರ್ಜಿ ಹಾಕಬಹುದೆಂದು 2024ರ ಜುಲೈಯಲ್ಲಿ ಸುಪ್ರೀಮ್ ಕೋರ್ಟ್ ಮತ್ತೆ ಹೇಳಿತು.

1939ರ ಕಾಯ್ದೆ ಬಂದ ಮೇಲೆ ಖುಲಾ ಏನಾಯಿತು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ತೀರ ಈಚೆಗೆ. ಕಾಯ್ದೆ ಬಿಟ್ಟು ಹೆಣ್ಣಿಗೆ ಬೇರೆ ದಾರಿಯಿಲ್ಲವೆಂದು 1972ರಲ್ಲಿ ಕೇರಳ ಹೈಕೋರ್ಟ್ ಹೇಳಿತ್ತು. 2021ರ ಏಪ್ರಿಲಿನಲ್ಲಿ ಅದೇ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಎ. ಮುಹಮ್ಮದ್ ಮುಷ್ತಾಕ್ ಮತ್ತು ಸಿ. ಎಸ್. ಡಯಾಸ್‌ರ ಪೀಠ ಆ ತೀರ್ಪನ್ನು ತಳ್ಳಿಹಾಕಿತು. ಖುಲಾ, ಪರಸ್ಪರ ಒಪ್ಪಿಗೆಯ ಮುಬಾರಾತ್, ತಫ್ವೀಝ್ ಎಲ್ಲವೂ ಜೀವಂತ. ಅವು ನಿಯಮದಂತೆ ನಡೆದಿವೆಯೇ ಎಂದು ಮೇಲ್ನೋಟಕ್ಕೆ ಪರಿಶೀಲಿಸಿ ಕುಟುಂಬ ನ್ಯಾಯಾಲಯ ದೃಢೀಕರಿಸಿದರೆ ಸಾಕು ಎಂದಿತು.