ಬೆಣ್ಣೆ ಉಳಿದಲ್ಲಿ ಬ್ರೆಡ್: ಹಡಗಿನ ಮೇಜಿನಿಂದ ಏರ್ಕಾಡಿನ ತಪ್ಪಲಿಗೆ

ಹಾಲಿನ ಬೆಣ್ಣೆ 32ರಿಂದ 35 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಪೂರಾ ಕರಗುತ್ತದೆ. ಅದಕ್ಕೂ ಬಹಳ ಮುಂಚೆ, 25 ದಾಟುತ್ತಿದ್ದಂತೆಯೇ, ಅಚ್ಚಿನ ಆಕಾರ ಉಳಿಯದಷ್ಟು ಮೆತ್ತಗಾಗಿರುತ್ತದೆ. ಸೇಲಂ ಪಟ್ಟಣದಲ್ಲಿ ಏಪ್ರಿಲ್-ಮೇ ಬಿಸಿಲು 38, 40ಕ್ಕೆ ಏರುವುದು ಮಾಮೂಲು. ಅಲ್ಲಿಂದ 20 ಹೇರ್‌ಪಿನ್ ತಿರುವು ಹತ್ತಿ, ಸುಮಾರು 1,500 ಮೀಟರ್ ಎತ್ತರದ ಏರ್ಕಾಡ್ ಸೇರಿದರೆ ಅದೇ ಬೇಸಿಗೆಯ ಬೆಳಗಿನಲ್ಲೂ ಬೆಣ್ಣೆ ತಟ್ಟೆಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಬ್ರೆಡ್-ಬೆಣ್ಣೆ ಬಡಿಸುವ ಪದ್ಧತಿ ದಕ್ಷಿಣದಲ್ಲಿ ಎಲ್ಲಿ ಬೇರುಬಿಟ್ಟಿತು, ಎಲ್ಲಿ ವೇಷ ಬದಲಿಸಿತು ಎನ್ನುವುದು ಬಹುಪಾಲು ಈ ಶಾಖದ ಲೆಕ್ಕದಲ್ಲೇ ಇದೆ. ಹಿಟ್ಟು, ಹುದುಗು, ಒಲೆ ಇದ್ದರೆ ಬ್ರೆಡ್ ಎಲ್ಲಾದರೂ ಆಗುತ್ತದೆ. ಕಷ್ಟವೆಲ್ಲ ಬೆಣ್ಣೆಯದು. ಅದನ್ನು ಕೆಡದಂತೆ, ಕರಗದಂತೆ ಇಟ್ಟುಕೊಳ್ಳುವ ದಾರಿ ಕಂಡುಕೊಂಡವರ ಮನೆಯಲ್ಲಿ ಮಾತ್ರ ಈ ತಿಂಡಿ ನಿಂತಿತು.

ಮೊದಲು ಕಷ್ಟಪಟ್ಟವರು ಹಡಗಿನವರು. ಹಾಯಿಹಡಗಿನ ಕಾಲದಲ್ಲಿ ಬ್ರೆಡ್ ಎಂದರೆ ಹಲ್ಲಿಗೆ ಬಗ್ಗದ ಒಣ ಬಿಸ್ಕತ್ತು. ಬೆಣ್ಣೆ ಎಂದರೆ ವಿಪರೀತ ಉಪ್ಪು ಹಾಕಿ ಪೀಪಾಯಿಗೆ ತುಂಬಿದ ಮುದ್ದೆ. 1840ರಲ್ಲಿ ಅಟ್ಲಾಂಟಿಕ್ ದಾಟಿದ ಕ್ಯೂನಾರ್ಡ್ ಕಂಪನಿಯ ಬ್ರಿಟಾನಿಯಾ ಹಡಗು ಪ್ರಯಾಣಿಕರ ಹಾಲಿಗಾಗಿ ಹಸುವನ್ನೇ ಹತ್ತಿಸಿಕೊಂಡು ಹೋಗಿತ್ತು. ಫ್ರಾನ್ಸಿನ ಮೂರನೇ ನೆಪೋಲಿಯನ್, ನೌಕಾಪಡೆಗೂ ಬಡವರಿಗೂ ಒದಗುವಂಥ, ಬೇಗ ಕೆಡದ, ಅಗ್ಗದ ಬದಲಿ ಬೆಣ್ಣೆ ಮಾಡಿಕೊಟ್ಟವರಿಗೆ ಬಹುಮಾನವಿದೆ ಎಂದು ಸಾರಿದ. 1869ರಲ್ಲಿ ಇಪೊಲಿಟ್ ಮೇಜ್-ಮೂರಿಯೆ ಎಂಬ ರಸಾಯನಜ್ಞ ದನದ ಕೊಬ್ಬು ಮತ್ತು ಹಾಲಿನಿಂದ ಅಂಥದ್ದೊಂದನ್ನು ಮಾಡಿ ತೋರಿಸಿದ. ಮಾರ್ಗರೀನ್ ಹುಟ್ಟಿದ್ದು ಹೀಗೆ. ಸೂಯೆಜ್ ಕಾಲುವೆ ತೆರೆದದ್ದೂ ಅದೇ ವರ್ಷ. ಇಂಗ್ಲೆಂಡಿನಿಂದ ಮದ್ರಾಸಿಗೆ ಬರುವ ದಾರಿ ವಾರಗಟ್ಟಲೆ ಕಡಿಮೆಯಾಯಿತು. ಆದರೂ ಕೆಂಪು ಸಮುದ್ರದ ಸೆಕೆ ದಾಟಿ ಬರುವ ಬೆಣ್ಣೆ ಬೆಣ್ಣೆಯಾಗಿ ಉಳಿಯುತ್ತಿರಲಿಲ್ಲ. ಅದನ್ನು ಉಳಿಸಿದ್ದು ತಂಪು ಮಾಡುವ ಯಂತ್ರ. 1882ರಲ್ಲಿ ಡನೀಡಿನ್ ಎಂಬ ಹಡಗು ಹೆಪ್ಪುಗಟ್ಟಿಸಿದ ಕುರಿಮಾಂಸದ ಜೊತೆ ಬೆಣ್ಣೆಯನ್ನೂ ನ್ಯೂಜಿಲೆಂಡಿನಿಂದ ಲಂಡನ್ನಿಗೆ ಮುಟ್ಟಿಸಿತು. ಮೂರು ದಶಕ ಕಳೆಯುವುದರೊಳಗೆ, 1912ರಲ್ಲಿ, ಟೈಟಾನಿಕ್ಕಿನ ಉಗ್ರಾಣಕ್ಕೆ 6,000 ಪೌಂಡ್ ತಾಜಾ ಬೆಣ್ಣೆ ಹೋಯಿತು.

ಇಷ್ಟು ತಂಪು ಕೈಗೆ ಸಿಕ್ಕ ಮೇಲೆಯೇ ಬಡಿಸುವುದು ಒಂದು ಕಲೆಯಾದದ್ದು. ದೊಡ್ಡ ತಟ್ಟೆಯ ಎಡಕ್ಕೆ ಗೇಣಗಲದ ಚಿಕ್ಕ ತಟ್ಟೆ, ಅದರ ಮೇಲೆ ಅಂಚು ಮೊಂಡಾದ ಬೆಣ್ಣೆ ಚಾಕು. ಬೆಣ್ಣೆಯನ್ನು ಸುರುಳಿ ಮಾಡುವ ಕೆಲಸ ಮೇಜಿಗೆ ಜನ ಬರುವ ಮುಂಚೆಯೇ ಮುಗಿದಿರಬೇಕು. ಹಲ್ಲುಹಲ್ಲಾದ ಕೊಕ್ಕೆಯೊಂದನ್ನು ಬಿಸಿನೀರಿನಲ್ಲಿ ಅದ್ದಿ, ಗಟ್ಟಿ ಬೆಣ್ಣೆಯ ಇಟ್ಟಿಗೆಯ ಮೇಲೆ ಹಗುರವಾಗಿ ಎಳೆದರೆ ತೆಳ್ಳನೆ ಪದರ ಎದ್ದು ತಾನಾಗಿ ಸುತ್ತಿಕೊಳ್ಳುತ್ತದೆ. ಕೂಡಲೇ ಐಸ್ ನೀರಿಗೆ ಹಾಕಬೇಕು. ಬೆಣ್ಣೆ ತೀರಾ ತಣ್ಣಗಿದ್ದರೆ ಸುರುಳಿ ಮುರಿಯುತ್ತದೆ, ಸ್ವಲ್ಪ ಬೆಚ್ಚಗಿದ್ದರೆ ಕೊಕ್ಕೆಗೆ ಮೆತ್ತುತ್ತದೆ. ಈ ಕೆಲಸ ಕಲಿತವನಿಗೆ ಬೆಣ್ಣೆಯ ಶಾಖ ಬೆರಳಲ್ಲೇ ಗೊತ್ತಾಗುತ್ತದೆ. ಊಟ ಬರುವ ಮುನ್ನ ಹಸಿದವರ ಮುಂದೆ ಮೊದಲು ಬೀಳುವ ತಿನಿಸು ಬ್ರೆಡ್-ಬೆಣ್ಣೆ. ಆ ಮನೆಯ ಅಡುಗೆಯವರ ಶ್ರದ್ಧೆ ಎಷ್ಟೆಂದು ಮೊದಲ ತುತ್ತಿನಲ್ಲೇ ಹೇಳಿಬಿಡುತ್ತದೆ ಎಂದು ನಾನು ಬಲವಾಗಿ ನಂಬಿದ್ದೇನೆ.

ಯಂತ್ರದ ತಂಪು ಬರುವ ಬಹಳ ಮುಂಚೆಯೇ, ಹಡಗಿನಿಂದಿಳಿದ ಇಂಗ್ಲಿಷ್ ದೊರೆಗಳು ತಂಪನ್ನು ಹುಡುಕಿಕೊಂಡು ಬೆಟ್ಟ ಹತ್ತಿದ್ದರು. ಸೇಲಂ ಕಲೆಕ್ಟರಾಗಿದ್ದ ಎಂ. ಡಿ. ಕಾಕ್‌ಬರ್ನ್ 1820ರ ದಶಕದಲ್ಲಿ ಏರ್ಕಾಡ್ ಇರುವ ಶೆವರಾಯ್ ಬೆಟ್ಟಗಳಲ್ಲಿ ಕಾಫಿ ಹಾಕಿಸಿದ. ಬೆಟ್ಟದ ಮೂಲ ನಿವಾಸಿಗಳಾದ ಮಲಯಾಳಿ ಬುಡಕಟ್ಟಿನವರ ಹೊಲಗಳ ನಡುವೆ ತೋಟಗಳು, ಬಂಗಲೆಗಳು ಎದ್ದವು. 1860ರ ದಶಕದ ಆರಂಭದಲ್ಲಿ ಮದ್ರಾಸಿನ ರೈಲು ಸೇಲಂ ಮುಟ್ಟಿದ ಮೇಲೆ ಮೈದಾ, ಜಾಮ್, ಡಬ್ಬಿ ಸಾಮಾನು ತಪ್ಪಲಿಗೆ ಬರುವುದು ಸುಲಭವಾಯಿತು. ಡಬ್ಬಿಯಲ್ಲಿ ಬೆಣ್ಣೆಯೂ ಇತ್ತು. ಡೆನ್ಮಾರ್ಕಿನವರು ಬಿಸಿ ದೇಶಗಳಿಗೆಂದೇ ತವರದ ಡಬ್ಬಿಗಳಲ್ಲಿ ಬೆಣ್ಣೆ ತುಂಬಿ ಕಳಿಸುತ್ತಿದ್ದರು. ಬಯಲಿನಲ್ಲಿ ಆ ಡಬ್ಬಿ ತೆರೆದರೆ ಹಳದಿ ಎಣ್ಣೆ. ಬೆಟ್ಟದ ಮೇಲೆ ತೆರೆದರೆ ಬೆಣ್ಣೆ. ಏರ್ಕಾಡಿನಲ್ಲಿ 1894ರ ಸೇಕ್ರೆಡ್ ಹಾರ್ಟ್, 1917ರ ಮಾಂಟ್‌ಫರ್ಟ್ ಮುಂತಾದ ಶಾಲೆಗಳು ಬಂದು, ದೂರದೂರದ ಮಕ್ಕಳು ಅಲ್ಲೇ ಉಳಿದು ಓದತೊಡಗಿದರು. ಬಂಗಲೆಯ ಊಟ ನಾಲ್ಕು ಜನರದ್ದು, ಹಾಸ್ಟೆಲ್ಲಿನ ಊಟ ನೂರಾರು ಮಕ್ಕಳದ್ದು. ಒಂದು ಊರಿಗೆ ಬೇಕರಿ ನಿಲ್ಲುವುದು ಇಂಥ ಮಕ್ಕಳ ಬೆಳಗಿನ ತಿಂಡಿಯಿಂದಲೇ.

ಬೆಟ್ಟದ ಕೆಳಗಿನ ನಮ್ಮವರಿಗೆ ಬೆಣ್ಣೆ ಹೊಸತೇನಲ್ಲ. ಸೇಲಂ, ಧರ್ಮಪುರಿ, ಕೃಷ್ಣಗಿರಿ, ಹೊಸೂರು ಕಡೆ ತಲೆಮಾರುಗಳಿಂದ ನೆಲೆಸಿರುವ ಕನ್ನಡದ ಮನೆಗಳಲ್ಲಿ ಕಡೆಗೋಲು ಎಲ್ಲರಿಗೂ ಗೊತ್ತು. ಮೊಸರು ಕಡೆದು ತೆಗೆದ ಬೆಣ್ಣೆಯನ್ನು ನೀರಿನಲ್ಲಿ ಮುಳುಗಿಸಿಟ್ಟು, ಹುಳಿ ಹೆಚ್ಚುವ ಮೊದಲೇ ಕಾಯಿಸಿ ತುಪ್ಪ ಮಾಡುವುದು ಇಲ್ಲಿನ ಪದ್ಧತಿ. ತುಪ್ಪಕ್ಕೆ ಐಸ್ ಬೇಡ, ಉಪ್ಪೂ ಬೇಡ, ತಿಂಗಳುಗಟ್ಟಲೆ ಇರುತ್ತದೆ. ಬಿಸಿ ನಾಡಿನ ಈ ಉಪಾಯ ಯಾವ ಯಂತ್ರಕ್ಕೂ ಕಡಿಮೆಯದಲ್ಲ. ಆದ್ದರಿಂದ ನಮ್ಮಲ್ಲಿ ಬೆಣ್ಣೆ ತಾಜಾ ತಿನ್ನುವುದು ರೊಟ್ಟಿಗೋ ದೋಸೆಗೋ, ಕಡೆದ ದಿನವೇ. ಸೇಲಂನಿಂದ ಕೊಯಮತ್ತೂರಿಗೆ ಹೋಗುವ ರೈಲುದಾರಿಯ ಊತ್ತುಕುಳಿ ಬೆಣ್ಣೆಗೆ ಇವತ್ತಿಗೂ ಹೆಸರುವಾಸಿ. ಇಂಗ್ಲಿಷರ ಮೇಜಿಗೆ ಬೆಣ್ಣೆ ಒದಗಿಸುವ ಅವಕಾಶ ಬಂದಾಗ ಈ ನಾಡಿನವರು ಹಿಂಜರಿಯದೆ ಕೈಹಾಕಿದ್ದಕ್ಕೆ ಇದೇ ಹಿನ್ನೆಲೆ.

ಈ ಕಥೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ್ದು ಇಲ್ಲಿ. ಕೊಯಮತ್ತೂರಿನಿಂದ ನೀಲಗಿರಿಗೆ ದೊರೆಗಳ ಟಪಾಲು ಹೊರುತ್ತಿದ್ದ ಮುತ್ತುಸ್ವಾಮಿ ಮೊದಲಿಯಾರರಿಗೆ, ಬರುವಾಗ ಬೆಣ್ಣೆ ತಾ ಎಂಬ ಬೇಡಿಕೆ ಬರುತ್ತಿತ್ತಂತೆ. 1905ರಲ್ಲಿ ಅವರು ಕೂನೂರಿನ ಹತ್ತಿರ ಇಂಗ್ಲಿಷನೊಬ್ಬನ ಬೆಣ್ಣೆ ವ್ಯಾಪಾರವನ್ನೇ ವಹಿಸಿಕೊಂಡರು. ಅದೇ ನೀಲಗಿರೀಸ್. 1936ರಲ್ಲಿ ಆ ಮನೆತನ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಅಂಗಡಿ ತೆರೆದು ಬೆಣ್ಣೆ, ಬ್ರೆಡ್ ಎರಡನ್ನೂ ಒಂದೇ ಸೂರಿನಡಿ ತಂದಿತು. ಬೆಟ್ಟದ ತಿಂಡಿ ಹೀಗೆ ಬಯಲಿಗೆ ಇಳಿಯಿತು, ಇಳಿಸಿದವರು ಇಲ್ಲಿನವರೇ. ಅದೇ ಬೆಂಗಳೂರಿನಲ್ಲಿ 1923ರಿಂದ ಸರ್ಕಾರದ ಪಶುಪಾಲನೆ ಮತ್ತು ಹೈನುಗಾರಿಕೆ ಸಂಸ್ಥೆ ಬೆಣ್ಣೆ ತೆಗೆಯುವ ಶಾಸ್ತ್ರೀಯ ಕ್ರಮ ಕಲಿಸುತ್ತಿತ್ತು. 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಬೆಂಗಳೂರಿನಲ್ಲಿ ತಂಗಿದ್ದ ಗಾಂಧೀಜಿ ಆಡುಗೋಡಿಯ ಆ ಸಂಸ್ಥೆಗೆ ಹೋಗಿ ಗೋಪಾಲನೆಯ ಪಾಠ ಕೇಳಿದರು.

ರುಚಿಯನ್ನು ತೀರ್ಮಾನಿಸಿದವರು ಮಾತ್ರ ಗುಜರಾತಿನವರು. ಅಲ್ಲಿನ ಆನಂದ್ ಪಟ್ಟಣದಲ್ಲಿ ಪೋಲ್ಸನ್ ಕಂಪನಿ ಕೆನೆಯನ್ನು ಹುಳಿಬರಿಸಿ, ಉಪ್ಪು ಬೆರೆಸಿ ಮಾಡುತ್ತಿದ್ದ ಬೆಣ್ಣೆಗೆ ದೇಶದ ನಾಲಿಗೆ ಒಗ್ಗಿಹೋಗಿತ್ತು. 1946ರಲ್ಲಿ ಹುಟ್ಟಿದ ಖೇಡಾ ಸಹಕಾರ ಸಂಘ ತಾಜಾ ಕೆನೆಯಿಂದ ಬೆಣ್ಣೆ ಮಾಡಿದಾಗ ಜನ ಸಪ್ಪೆ ಎಂದರು. ಎಮ್ಮೆ ಹಾಲಿನದಾದ್ದರಿಂದ ಬಣ್ಣವೂ ಬಿಳಿ. ಉಪ್ಪು, ಬಣ್ಣ ಸರಿಪಡಿಸಿಕೊಂಡ ಮೇಲೆಯೇ ಆ ಸಂಘದ ಅಮೂಲ್ ಬೆಣ್ಣೆ ಗೆದ್ದದ್ದು. ಇವತ್ತು ಟೇಬಲ್ ಬಟರ್ ಎಂದು ಮಾರಬೇಕಾದರೆ ಹಾಲಿನ ಕೊಬ್ಬು ಶೇ. 80ಕ್ಕೆ ಕಡಿಮೆಯಿರಬಾರದು, ಉಪ್ಪು ಶೇ. 3 ಮೀರಬಾರದು. ನಂದಿನಿ, ಆವಿನ್ ಹಾಲು ಒಕ್ಕೂಟಗಳು ಇದೇ ಹಳದಿ ಇಟ್ಟಿಗೆಯನ್ನು ಜಿಲ್ಲೆ ಜಿಲ್ಲೆಗೆ ಮುಟ್ಟಿಸಿದವು. ಜೊತೆಗೆ ಬಂದ 10 ಗ್ರಾಮಿನ ಪುಟ್ಟ ಪೊಟ್ಟಣ ಬಡಿಸುವ ಕಲೆಯನ್ನೇ ಬದಲಿಸಿತು. ಶತಾಬ್ದಿ ರೈಲಿನ ತಟ್ಟೆಯಲ್ಲಿ ಎರಡು ಹೋಳು ಬ್ರೆಡ್ಡಿನ ಪಕ್ಕ ಕೂರುವುದು ಅದೇ. ಸುರುಳಿ ಬೇಡ, ಐಸ್ ನೀರು ಬೇಡ, ಕಲಿತ ಕೈಯೂ ಬೇಡ. ಸ್ವಚ್ಛತೆಯ ದೃಷ್ಟಿಯಿಂದ ಒಳ್ಳೆಯದೇ, ಒಪ್ಪುತ್ತೇನೆ. ಆದರೆ ಗಟ್ಟಿಯಾದ ಪೊಟ್ಟಣದ ಬೆಣ್ಣೆ ಸವರಲು ಹೋಗಿ ಬ್ರೆಡ್ ಹರಿದುಕೊಳ್ಳುವವರನ್ನು ಕಂಡಾಗಲೆಲ್ಲ, ಬಡಿಸುವವನು ಮಾಡಬೇಕಾದ ಕೆಲಸವನ್ನು ತಿನ್ನುವವನ ತಲೆಗೆ ಕಟ್ಟಿದ್ದೇವೆ ಅನಿಸುತ್ತದೆ.

ಬ್ರೆಡ್ಡಿನ ಕಡೆ ಕನ್ನಡಿಗರ ದೊಡ್ಡ ಕೊಡುಗೆ ಅಯ್ಯಂಗಾರ್ ಬೇಕರಿ. ಹಾಸನ ಸೀಮೆಯಿಂದ ಬಂದು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಸಿಹಿತಿಂಡಿ ಅಂಗಡಿ ಇಟ್ಟಿದ್ದ ಕುಟುಂಬವೊಂದು 19ನೇ ಶತಮಾನದ ಕೊನೆಯಲ್ಲಿ ಇಂಗ್ಲಿಷನೊಬ್ಬನಿಂದ ಒಲೆಯ ಕೆಲಸ ಕಲಿಯಿತೆಂದು ಬೇಕರಿಯವರು ಹೇಳಿಕೊಂಡು ಬಂದಿದ್ದಾರೆ. ಮೊಟ್ಟೆಯಿಲ್ಲದ ಬ್ರೆಡ್, ಬನ್, ಬೆಣ್ಣೆ ಬಿಸ್ಕತ್ತು, ಖಾರ ಬನ್ ಅಲ್ಲಿಂದ ಹಬ್ಬಿದವು. 1953ರಲ್ಲಿ ವಿಶ್ವೇಶ್ವರಪುರದ ವಿ. ಬಿ. ಬೇಕರಿ ಬಂತು. ಮುಂದೆ ಹಾಸನ, ಚನ್ನರಾಯಪಟ್ಟಣದ ಕಡೆಯ ಹುಡುಗರು ಗಡಿ ದಾಟಿದರು. ಹೊಸೂರಿನಿಂದ ಕೃಷ್ಣಗಿರಿ, ಧರ್ಮಪುರಿ ಹಾದು ಸೇಲಂವರೆಗಿನ ಹೆದ್ದಾರಿಯುದ್ದಕ್ಕೂ ‘ಬೆಂಗಳೂರು ಅಯ್ಯಂಗಾರ್ ಬೇಕರಿ’ ಎಂಬ ತಮಿಳು ಫಲಕಗಳು ಕಾಣುತ್ತವೆ. ಗಿರಾಕಿಗೆ ತಮಿಳಿನಲ್ಲಿ ಲೆಕ್ಕ ಹೇಳಿ, ಒಳಗಿನ ಹುಡುಗನಿಗೆ ಕನ್ನಡದಲ್ಲಿ ಕೂಗಿ ಹೇಳುವ ಮಾಲೀಕರು ಆ ದಾರಿಯಲ್ಲಿ ಇದ್ದಾರೆ.

ಅಲ್ಲಿ ಬಡಿಸುವ ಬಗೆಯೇ ಬೇರೆ. ಬನ್ನನ್ನು ಅಡ್ಡಕ್ಕೆ ಸೀಳುತ್ತಾರೆ, ಒಂದು ಅಂಚು ಅಂಟಿಕೊಂಡೇ ಇರುವಂತೆ. ಅಗಲ ಚಾಕುವಿನಲ್ಲಿ ಬೆಣ್ಣೆ ತೆಗೆದು ಒಂದೇ ಎಳೆತಕ್ಕೆ ಎರಡೂ ಮುಖಕ್ಕೆ ಸವರುತ್ತಾರೆ, ಮೇಲೊಂದು ಚಮಚ ಜಾಮ್, ಒತ್ತಿ ಮುಚ್ಚಿ ಕಾಗದದ ತುಂಡಿನಲ್ಲಿಟ್ಟು ಕೈಗೆ ಕೊಡುತ್ತಾರೆ. ಕೇಳಿದರೆ ಬೆಣ್ಣೆ ಹಚ್ಚಿದ ಮುಖ ಕೆಳಗೆ ಮಾಡಿ ಕಾವಲಿಯ ಮೇಲೆ ಕೆಂಪಗೆ ಮಾಡಿ ಕೊಡುತ್ತಾರೆ. ತಟ್ಟೆಯಿಲ್ಲ, ಚಾಕು ನಮ್ಮ ಕೈಗೆ ಬರುವುದಿಲ್ಲ. ಬೆಣ್ಣೆ ಕರಗುವ ಊರಿನಲ್ಲಿ ಅದು ಕರಗುವ ಮುಂಚೆಯೇ ಬನ್ನಿನೊಳಗೆ ಸೇರಿಬಿಡಬೇಕು. ಕರಗಿದರೂ ನಷ್ಟವಿಲ್ಲ, ಬನ್ ಹೀರಿಕೊಳ್ಳುತ್ತದೆ. ಬಯಲಿನ ಸೆಕೆಗೆ ಇದಕ್ಕಿಂತ ಹೊಂದುವ ಬ್ರೆಡ್-ಬೆಣ್ಣೆ ಸೇವೆಯನ್ನು ನಾನು ಕಂಡಿಲ್ಲ.

ಹಾಗೆ ಸವರುವುದು ಬೆಣ್ಣೆಯೇ ಆಗಿದ್ದರೆ. ಫ್ರೆಂಚ್ ನೌಕಾಪಡೆಗಾಗಿ ಹುಟ್ಟಿದ ಮಾರ್ಗರೀನ್ ಈ ಹೊತ್ತಿಗೆ ಬೇಕರಿಯ ಕಪಾಟು ಸೇರಿದೆ. 20ನೇ ಶತಮಾನದ ಆರಂಭದಲ್ಲಿ ಸಸ್ಯದ ಎಣ್ಣೆಯನ್ನು ಗಟ್ಟಿ ಮಾಡುವ ವಿದ್ಯೆ ಬಂದು, 1937ರಲ್ಲಿ ಡಾಲ್ಡಾ ಮಾರುಕಟ್ಟೆಗೆ ಇಳಿದ ಮೇಲೆ ಅಗ್ಗದ ಗಟ್ಟಿ ಕೊಬ್ಬಿಗೆ ಬರವಿಲ್ಲ. ಅದು ಬೆಣ್ಣೆ ಮೆತ್ತಗಾಗುವ ಸೆಕೆಯಲ್ಲೂ ಆಕಾರ ಬಿಡುವುದಿಲ್ಲ, ಬೆಲೆಯೂ ಕಡಿಮೆ. ಸಣ್ಣ ಅಂಗಡಿಯವನಿಗೆ ಅದರ ಸೆಳೆತ ಅರ್ಥವಾಗುವಂಥದ್ದೇ. ಆದರೆ ನಾಲಿಗೆಯ ಮೇಲೆ ಅದು ಕರಗದೆ ಅಂಟುತ್ತದೆ, ಅಂಗುಳಿನಲ್ಲಿ ಮೇಣದ ಪದರ ಉಳಿಸುತ್ತದೆ. ಹಾಲಿನ ಬೆಣ್ಣೆ ಮೈಯ ಬಿಸಿಗೇ ಕರಗುವುದರಿಂದ ಹಾಗಾಗದು. ಕೈಗಾರಿಕೆಯಲ್ಲಿ ತಯಾರಾಗುವ ಟ್ರಾನ್ಸ್ ಕೊಬ್ಬು ಎಣ್ಣೆ-ಕೊಬ್ಬುಗಳಲ್ಲಿ ಶೇ. 2 ಮೀರಬಾರದೆಂಬ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ. ಆರೋಗ್ಯಕ್ಕೆ ಅದು ದೊಡ್ಡ ಹೆಜ್ಜೆ. ರುಚಿಯ ಪ್ರಶ್ನೆ ಮಾತ್ರ ಹಾಗೇ ಇದೆ: ಫಲಕದ ಮೇಲೆ ಬಟರ್ ಎಂದು ಬರೆದ ಮೇಲೆ ಒಳಗೆ ಬೆಣ್ಣೆಯೇ ಇರಬೇಕು.

ಕಥೆ ಶುರುವಾದ ಹಡಗಿಗೇ ಮರಳಿದರೆ, ವಿಹಾರದ ಹಡಗು ಈಗ ನಮ್ಮ ತೀರಕ್ಕೂ ಬಂದಿದೆ. ಕಾರ್ಡೀಲಿಯಾ ಕಂಪನಿ 2021ರಲ್ಲಿ ಮುಂಬಯಿಯಿಂದ, 2022ರ ಜೂನ್‌ನಲ್ಲಿ ಚೆನ್ನೈಯಿಂದ ಯಾನ ಶುರುಮಾಡಿತು. ನವಮಂಗಳೂರು ಬಂದರಿಗೆ ವಿದೇಶಿ ವಿಹಾರ ಹಡಗುಗಳು ಬಂದು ಹೋಗುತ್ತವೆ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಯುವಕರು ಇಂಥ ಹಡಗುಗಳ ಅಡುಗೆಮನೆಯಲ್ಲೂ ಊಟದ ಮನೆಯಲ್ಲೂ ದುಡಿಯುತ್ತಾರೆ. 1986ರಲ್ಲಿ ಮಣಿಪಾಲದಲ್ಲಿ ಆರಂಭವಾದ ಹೋಟೆಲ್ ಆಡಳಿತ ಕಾಲೇಜಿನಂಥ ಕಡೆ ಇಂದಿಗೂ ಎಡಗಡೆಯ ತಟ್ಟೆ, ಇಕ್ಕುಳದಲ್ಲಿ ಬ್ರೆಡ್ ಎತ್ತಿಡುವ ಕ್ರಮ ಕಲಿಸುತ್ತಾರೆ. ಹಡಗಿನಲ್ಲಿ ರಾತ್ರಿ ಪಾಳಿಯ ಬೇಕರಿಯವರು ಹಿಟ್ಟು ನಾದಿ ಉಬ್ಬಿಸಿ, ಬೆಳಗಿನೊಳಗೆ ಸಾವಿರಾರು ಬನ್ ಇಳಿಸಬೇಕು. ಬಡಿಸುವವನು ಬೆಣ್ಣೆಯನ್ನು ತಂಪಿನ ಕೋಣೆಯಿಂದ ಸ್ವಲ್ಪ ಮುಂಚೆ ಹೊರತೆಗೆದು, 18ರಿಂದ 20 ಡಿಗ್ರಿಯ ಆಸುಪಾಸಿಗೆ ಬಂದ ಮೇಲೆ ಮೇಜಿಗಿಟ್ಟರೆ ಚಾಕು ಸಲೀಸಾಗಿ ಓಡುತ್ತದೆ, ಬ್ರೆಡ್ ಹರಿಯುವುದಿಲ್ಲ. ಏರ್ಕಾಡಿನ ಚಳಿಗಾಲದ ಬೆಳಗಿನಲ್ಲಿ ಅಷ್ಟು ತಂಪು ಹೊರಗಿನ ಗಾಳಿಯಲ್ಲೇ ಸಿಗುತ್ತದೆ. ಸೇಲಂನ ಬೇಕರಿಗೆ ಅದಕ್ಕೊಂದು ಫ್ರಿಜ್ಜೂ, ಬೆಣ್ಣೆಯನ್ನು ಹದಕ್ಕೆ ಹೊರಗಿಟ್ಟುಕೊಳ್ಳಲು ಒಬ್ಬ ಹುಡುಗನೂ ಬೇಕು.